ಪೈಲಟ್ ಉದ್ಯೋಗ ಮೇಳ: ರೆಸ್ಯೂಮೆಯ ಮೂಲೆಯಲ್ಲಿ ಬರೆಯುವ ಆ ಒಂದು ಸಾಲು

ಪೈಲಟ್ ಉದ್ಯೋಗ ಮೇಳದಲ್ಲಿ ಏರ್‌ಲೈನ್ ಸ್ಟಾಲ್‌ನ ಮೇಜಿನ ಎರಡೂ ಬದಿಯಲ್ಲಿ ನಾನು ನಿಂತಿದ್ದೇನೆ. ಫ್ಲೈಟ್ ಇನ್‌ಸ್ಟ್ರಕ್ಟರ್ ಆಗಿದ್ದಾಗ ಕೆಲಸ ಹುಡುಕಿಕೊಂಡು ಹೋಗುತ್ತಿದ್ದೆ. ಈಗ ಫಸ್ಟ್ ಆಫೀಸರ್, ಅಂದರೆ ಕ್ಯಾಪ್ಟನ್ ಪಕ್ಕದ ಬಲಗಡೆ ಸೀಟಿನ ಪೈಲಟ್ ಆಗಿದ್ದೇನೆ. ಕಂಪನಿ ಕೇಳಿದಾಗ ನನ್ನ ರಜೆಯ ದಿನ ಬಿಟ್ಟುಕೊಟ್ಟು ಸ್ಟಾಲ್‌ನಲ್ಲಿ ನಿಲ್ಲುತ್ತೇನೆ. ಖುಷಿಯಿಂದಲೇ ನಿಲ್ಲುತ್ತೇನೆ. ಆ ಸರತಿಯಲ್ಲಿ ಕಾಯುವವರ ಎದೆ ಹೇಗೆ ಬಡಿದುಕೊಳ್ಳುತ್ತದೆ ಅಂತ ನನಗೆ ಗೊತ್ತು.

ಅವರಿಗೆ ಮೊದಲು ಹೇಳಬೇಕು ಅನ್ನಿಸುವ ಸಂಗತಿ ಇದು. ನೀವು ಮಾತಾಡಿ ಹೊರಟ ಮೇಲೆ, ಮುಂದಿನವರು ಮೇಜಿನ ಹತ್ತಿರ ಬರುವ ಮೊದಲು, ನಿಮ್ಮ ರೆಸ್ಯೂಮೆಯ ಮೂಲೆಯಲ್ಲಿ ನಾವು ಒಂದು ಸಾಲು ಬರೆಯುತ್ತೇವೆ. ಅದಕ್ಕಿಂತ ಜಾಸ್ತಿ ಬರೆಯಲು ಸಮಯ ಇರುವುದಿಲ್ಲ. ಸಂಜೆ ಆ ಕಾಗದಗಳ ರಾಶಿ ನೇಮಕಾತಿ ತಂಡದ ಕೈಗೆ ಹೋಗುತ್ತದೆ. ಅಷ್ಟು ಹೊತ್ತಿಗೆ ಯಾರ ಮುಖವೂ ಯಾರಿಗೂ ನೆನಪಿರುವುದಿಲ್ಲ. ಆ ಸಾಲು ಮಾತ್ರ ಇರುತ್ತದೆ. ನನ್ನ ಸಾಲುಗಳಲ್ಲಿ ಎಷ್ಟೋ ಸಲ "ಒಳ್ಳೆಯ ಹುಡುಗ, ಮಾತು ಚೆನ್ನಾಗಿದೆ" ಅಂತಷ್ಟೇ ಇರುತ್ತದೆ. ಯಾಕೆಂದರೆ ಬರೆಯಲು ಅವರು ನನಗೆ ಬೇರೇನೂ ಕೊಟ್ಟಿರುವುದಿಲ್ಲ. ಓದಿದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಅಂಥ ಸಾಲು ಬರೆಯುವಾಗ ನನಗೆ ಬೇಜಾರಾಗುತ್ತದೆ. ಆ ಹುಡುಗನ ಹಿಂದೆ ವರ್ಷಗಟ್ಟಲೆ ಕಷ್ಟ ಇರುತ್ತದೆ, ಮನೆಯವರು ಮಾಡಿದ ಸಾಲ ಇರುತ್ತದೆ. ಅದರಲ್ಲಿ ಒಂದು ತುಣುಕೂ ನನ್ನ ಕಿವಿಗೆ ಬಿದ್ದಿರುವುದಿಲ್ಲ.

ಹಾಗಾಗಿ ಮೇಳಕ್ಕೆ ಹೋಗುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ನನ್ನ ಕಾಗದದ ಮೇಲೆ ಅವರು ಏನು ಬರೆಯಬೇಕು?

ಮೇಜಿನ ಆಚೆ ಯಾರಿರುತ್ತಾರೆ ಅನ್ನುವುದೂ ಗೊತ್ತಿರಲಿ. ನೇಮಕಾತಿ ವಿಭಾಗದವರು ಒಬ್ಬರೋ ಇಬ್ಬರೋ ಇರುತ್ತಾರೆ. ಅವರ ಪಕ್ಕದಲ್ಲಿ ಸಾಮಾನ್ಯವಾಗಿ ನನ್ನಂಥ ಲೈನ್ ಪೈಲಟ್‌ಗಳು ಇರುತ್ತಾರೆ. ನಿನ್ನೆ ವಿಮಾನ ಹಾರಿಸಿ ಬಂದವರು, ನಾಳೆ ಮತ್ತೆ ಹೊರಡುವವರು. ಕೆಲಸ ಕೊಡುವ ಅಧಿಕಾರ ನಮ್ಮ ಕೈಯಲ್ಲಿಲ್ಲ. ಆದರೆ "ಇವರನ್ನು ಸಂದರ್ಶನಕ್ಕೆ ಕರೆಯಿರಿ" ಅಂತ ನಾವು ಹೇಳಿದರೆ ಕೇಳುತ್ತಾರೆ. ಬ್ಯಾಡ್ಜ್‌ನಲ್ಲಿ ಹೆಸರು, ಹುದ್ದೆ ಇರುತ್ತದೆ, ಒಂದು ಸಲ ಕಣ್ಣು ಹಾಯಿಸಿ. ನೇಮಕಾತಿಯವರನ್ನು ಅರ್ಜಿ ಎಲ್ಲಿಗೆ ಬಂದಿದೆ, ಯಾವ ಕಾಗದ ಬೇಕು, ಮುಂದಿನ ಹಂತ ಯಾವಾಗ ಅಂತ ಕೇಳಬಹುದು. ಪೈಲಟ್‌ಗಳನ್ನು ಕೆಲಸದ ಬಗ್ಗೆ ಕೇಳಿ. ಆ ವಿಷಯ ಬಂದರೆ ನಮ್ಮ ಮುಖ ತಾನೇ ಅರಳುತ್ತದೆ.

ಇನ್ನು ಕಾಗದ ಪತ್ರ. ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು.

ರೆಸ್ಯೂಮೆ ಒಂದೇ ಪುಟ ಇರಲಿ. ಮೇಲ್ಗಡೆಯೇ ಹಾರಾಟದ ಗಂಟೆಗಳ ಲೆಕ್ಕ: ಒಟ್ಟು, ಪಿಐಸಿ (ವಿಮಾನದ ಹೊಣೆ ನಿಮ್ಮದೇ ಆಗಿದ್ದದ್ದು), ಮಲ್ಟಿ ಎಂಜಿನ್, ಟರ್ಬೈನ್, ರಾತ್ರಿ, ಇನ್‌ಸ್ಟ್ರುಮೆಂಟ್ (ಉಪಕರಣಗಳನ್ನೇ ನೋಡಿ ಹಾರಿಸಿದ್ದು), ಕ್ರಾಸ್ ಕಂಟ್ರಿ (ಒಂದು ಊರಿಂದ ಇನ್ನೊಂದಕ್ಕೆ ಹಾರಿದ್ದು). ಸಿಮ್ಯುಲೇಟರ್ ಗಂಟೆಗಳನ್ನು ಬೇರೆಯಾಗಿ ತೋರಿಸಿ, ಹಾರಾಟದ ಗಂಟೆಯಲ್ಲಿ ಬೆರೆಸಬೇಡಿ. ಯಾವ ದಿನಾಂಕದವರೆಗಿನ ಲೆಕ್ಕ ಅಂತ ಬರೆಯಿರಿ. ಲೈಸೆನ್ಸ್, ರೇಟಿಂಗ್, ಮೆಡಿಕಲ್ ಕ್ಲಾಸ್, ಅದರ ಅವಧಿ, ಇಂಗ್ಲಿಷ್ ಲೆವೆಲ್, ಯಾವಾಗಿನಿಂದ ಕೆಲಸಕ್ಕೆ ಬರಬಹುದು ಅನ್ನುವುದು ಆಮೇಲೆ ಬರಲಿ. ಶಾಲೆಯಲ್ಲಿ ಗೆದ್ದ ಬಹುಮಾನಗಳ ಪಟ್ಟಿಗೆ ಜಾಗ ಉಳಿಯುವುದಿಲ್ಲ, ಉಳಿಯಬೇಕಾಗಿಯೂ ಇಲ್ಲ.

ಆ ಅಂಕಿಗಳು ಮೂರು ಕಡೆ ಒಂದೇ ಆಗಿರಬೇಕು. ಪ್ರತಿ ಹಾರಾಟವನ್ನೂ ಬರೆದಿಡುವ ಲಾಗ್‌ಬುಕ್, ರೆಸ್ಯೂಮೆ, ಏರ್‌ಲೈನ್‌ನ ವೆಬ್‌ಸೈಟಿನಲ್ಲಿ ತುಂಬಿದ ಅರ್ಜಿ. ಸ್ಟಾಲ್‌ನಲ್ಲಿ ಲ್ಯಾಪ್‌ಟಾಪ್ ಇರುತ್ತದೆ. ನಿಮ್ಮ ಹೆಸರು ಹಾಕಿದರೆ ಅರ್ಜಿ ತೆರೆದುಕೊಳ್ಳಬಹುದು. ರೆಸ್ಯೂಮೆಯಲ್ಲಿ 1,140 ಗಂಟೆ, ಅರ್ಜಿಯಲ್ಲಿ ಹೋದ ವರ್ಷದ 860 ಗಂಟೆ ಇದ್ದರೆ ಮಾತೆಲ್ಲ ಅದರ ವಿವರಣೆಯಲ್ಲೇ ಮುಗಿದುಹೋಗುತ್ತದೆ. ಮೇಳಕ್ಕೆ ಮೊದಲಿನ ವಾರ ಕೂತು ಎಲ್ಲ ಅರ್ಜಿಗಳನ್ನೂ ಹೊಸದು ಮಾಡಿ. ಇನ್ನೂ ಅರ್ಜಿಯನ್ನೇ ಹಾಕದ ಏರ್‌ಲೈನ್ ಆದರೆ ಹೋಗುವ ಮೊದಲೇ ಹಾಕಿ. "ಮೇಳದಲ್ಲಿ ಮಾತಾಡಿ ನೋಡಿ ಆಮೇಲೆ ಹಾಕೋಣ ಅಂತಿದ್ದೆ" ಅಂದರೆ ನಮ್ಮಲ್ಲಿ ನಿಜವಾದ ಆಸಕ್ತಿ ಇದೆಯಾ ಅನ್ನುವ ಅನುಮಾನ ಬರುತ್ತದೆ.

ಲಾಗ್‌ಬುಕ್ ಜೊತೆಯಲ್ಲೇ ಇರಲಿ. ಎಲ್ಲರೂ ಕೇಳುವುದಿಲ್ಲ. ಕೇಳಿದರೆ ಮಾತ್ರ ತೆಗೆಯಿರಿ. ಚೆಕ್‌ರೈಡ್‌ಗಳ (ಹಾರಾಟದ ಪರೀಕ್ಷೆಗಳ) ಪುಟಕ್ಕೆ, ಮೊದಲ ಸೋಲೋ (ಒಬ್ಬರೇ ಹಾರಿದ) ಪುಟಕ್ಕೆ ಚಿಕ್ಕ ಚೀಟಿ ಅಂಟಿಸಿಟ್ಟರೆ ಹುಡುಕಾಡಬೇಕಾಗಿಲ್ಲ. ತಿದ್ದಿದ ಜಾಗದಲ್ಲಿ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಇರಬೇಕು. ವೈಟ್ನರ್ ಬಳಿದ ಲಾಗ್‌ಬುಕ್ ಕಂಡರೆ, ಕೆಳಗೆ ಏನಿತ್ತು ಅನ್ನುವ ಪ್ರಶ್ನೆ ಯಾರಿಗಾದರೂ ಬರುತ್ತದೆ ಅಲ್ವಾ? ಎಲೆಕ್ಟ್ರಾನಿಕ್ ಲಾಗ್‌ಬುಕ್ ಆದರೆ ಪ್ರಿಂಟ್ ತೆಗೆದು ಸಹಿ ಹಾಕಿ ತನ್ನಿ.

ಗಂಟೆ ಕಡಿಮೆ ಅಂತ ಮೇಳಕ್ಕೇ ಬಾರದವರು ತುಂಬಾ ಜನ. ನಿಯಮ ಏನು ಹೇಳುತ್ತದೆ ಅಂತ ಸರಿಯಾಗಿ ನೋಡಿಕೊಳ್ಳಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒದ ಅನೆಕ್ಸ್ 1ರ ಪ್ರಕಾರ ವಿಮಾನದ ಎಟಿಪಿಎಲ್‌ಗೆ, ಅಂದರೆ ಏರ್‌ಲೈನ್ ಪೈಲಟ್‌ನ ಅತಿ ಮೇಲ್ಮಟ್ಟದ ಲೈಸೆನ್ಸ್‌ಗೆ, ಒಟ್ಟು 1,500 ಗಂಟೆ ಬೇಕು. ಅದರೊಳಗೆ 200 ಗಂಟೆ ಕ್ರಾಸ್ ಕಂಟ್ರಿ, 100 ಗಂಟೆ ರಾತ್ರಿ, 75 ಗಂಟೆ ಇನ್‌ಸ್ಟ್ರುಮೆಂಟ್ ಇರಬೇಕು. ಆದರೆ ಬಲಗಡೆ ಸೀಟಿನಲ್ಲಿ ಕೂರಲು ಎಲ್ಲ ದೇಶಗಳಲ್ಲೂ ಎಟಿಪಿಎಲ್ ಬೇಕು ಅಂತಿಲ್ಲ. ಅಮೆರಿಕದಲ್ಲಿ 2013ರಿಂದ ಏರ್‌ಲೈನ್ ಫಸ್ಟ್ ಆಫೀಸರ್‌ಗೂ ಎಟಿಪಿ (ಎಟಿಪಿಎಲ್‌ಗೆ ಅಲ್ಲಿನ ಹೆಸರು) ಕಡ್ಡಾಯ, ಅಂದರೆ ಸಾಮಾನ್ಯವಾಗಿ 1,500 ಗಂಟೆ. ಸೇನೆಯಿಂದ ಬಂದವರಿಗೆ, ವಿಮಾನಯಾನದ ಪದವಿ ಓದಿದವರಿಗೆ ಸ್ವಲ್ಪ ರಿಯಾಯಿತಿ ಇದೆ. ಯುರೋಪಿನಲ್ಲಿ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್), ಮಲ್ಟಿ ಎಂಜಿನ್ ಇನ್‌ಸ್ಟ್ರುಮೆಂಟ್ ರೇಟಿಂಗ್ ಇದ್ದು ಎಟಿಪಿಎಲ್ ಥಿಯರಿ ಪಾಸಾದವರು ಸುಮಾರು 200 ಗಂಟೆಗೇ ಏರ್‌ಲೈನ್ ತರಬೇತಿಗೆ ಸೇರುವುದುಂಟು. ಇದರ ಮೇಲೆ ಪ್ರತಿ ಏರ್‌ಲೈನ್‌ಗೂ ತನ್ನದೇ ಕನಿಷ್ಠ ಮಿತಿ ಇರುತ್ತದೆ. ಅದು ಪೈಲಟ್‌ಗಳ ಕೊರತೆಯಾದಾಗ ಇಳಿಯುತ್ತದೆ, ಅರ್ಜಿಗಳು ಜಾಸ್ತಿಯಾದಾಗ ಏರುತ್ತದೆ. ಆ ಏರ್‌ಲೈನ್‌ನ ಇವತ್ತಿನ ಮಿತಿ ಓದಿಕೊಂಡು ಬನ್ನಿ. "ನಿಮ್ಮಲ್ಲಿ ಎಷ್ಟು ಗಂಟೆ ಬೇಕು ಸರ್?" ಅಂತ ಸ್ಟಾಲ್‌ನಲ್ಲಿ ಕೇಳಿದರೆ ನಿಮಗೆ ಸಿಕ್ಕ ಎರಡು ನಿಮಿಷದಲ್ಲಿ ಅರ್ಧ ವೆಬ್‌ಸೈಟ್ ಹೇಳುವ ಉತ್ತರಕ್ಕೇ ಹೋಗುತ್ತದೆ.

ಮೇಳದ ಬಾಗಿಲು ತೆರೆದ ಕೂಡಲೇ ಜನ ದೊಡ್ಡ ಏರ್‌ಲೈನ್ ಸ್ಟಾಲ್‌ಗೆ ಓಡುತ್ತಾರೆ. ನನಗೆ ಬೇರೆ ದಾರಿ ಒಳ್ಳೆಯದಾಯಿತು. ನಕ್ಷೆ ನೋಡಿ, ನನಗೆ ಆಸೆ ಇದ್ದರೂ ಅದೇ ಪ್ರಾಣ ಅನ್ನುವಷ್ಟಿಲ್ಲದ ಒಂದು ಚಿಕ್ಕ ಸ್ಟಾಲ್‌ಗೆ ಮೊದಲು ಹೋದೆ. ಅಲ್ಲಿ ಬಾಯಿ ಹದಕ್ಕೆ ಬಂತು. ಆಮೇಲೆ ನನಗೆ ತುಂಬಾ ಬೇಕಾಗಿದ್ದ ಸ್ಟಾಲ್‌ನ ಸರತಿ. ಮಧ್ಯಾಹ್ನದ ನಂತರಕ್ಕೆ ಬಿಡಬೇಡಿ. ನಿಂತು ನಿಂತು ಆಚೆಯವರ ಗಂಟಲು ಒಣಗಿರುತ್ತದೆ, ಕಾಲು ಸೋತಿರುತ್ತದೆ. ಎಷ್ಟೇ ಪ್ರೀತಿಯಿಂದ ನಿಂತರೂ ಬೆಳಗ್ಗೆ ಕೇಳಿಸಿಕೊಂಡ ಹಾಗೆ ಸಂಜೆ ಕೇಳಿಸಿಕೊಳ್ಳಲು ಆಗುವುದಿಲ್ಲ.

ಇನ್ನೊಂದು, ಮೇಳದಲ್ಲಿರುವ ಸ್ಟಾಲ್‌ಗಳೆಲ್ಲ ಏರ್‌ಲೈನ್‌ಗಳದ್ದಲ್ಲ. ಫ್ಲೈಯಿಂಗ್ ಸ್ಕೂಲ್‌ಗಳು, ಟೈಪ್ ರೇಟಿಂಗ್ (ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆ) ಕೊಡುವ ತರಬೇತಿ ಕೇಂದ್ರಗಳು, ಸಾಲ ಕೊಡುವವರು, ವಿಮೆಯವರು, ಸಂದರ್ಶನಕ್ಕೆ ತಯಾರು ಮಾಡುವವರು ಎಲ್ಲ ಇರುತ್ತಾರೆ. ಅವರಲ್ಲಿ ಒಳ್ಳೆಯವರೂ ಇದ್ದಾರೆ. ಆದರೆ ಅವರು ಕೆಲಸ ಕೊಡುವವರಲ್ಲ, ಏನನ್ನೋ ಮಾರುವವರು. ಎ320 ಅಥವಾ 737 ಟೈಪ್ ರೇಟಿಂಗನ್ನು ಸ್ವಂತ ದುಡ್ಡಿನಲ್ಲಿ ಮಾಡಿಕೊಂಡರೆ ಕೆಲಸ ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ, ಅಲ್ಲೇ ನಾಲ್ಕು ಹೆಜ್ಜೆ ನಡೆದು ಏರ್‌ಲೈನ್ ಸ್ಟಾಲ್‌ನಲ್ಲಿ ಕೇಳಿ: "ಕೆಲಸ ಸಿಗುವ ಮೊದಲೇ ಮಾಡಿಕೊಂಡ ಟೈಪ್ ರೇಟಿಂಗ್‌ಗೆ ನಿಮ್ಮಲ್ಲಿ ಬೆಲೆ ಇದೆಯಾ? ಆ ವಿಮಾನದಲ್ಲಿ ಲೈನ್ ಅನುಭವ ಇಲ್ಲದಿದ್ದರೂ ತೆಗೆದುಕೊಳ್ಳುತ್ತೀರಾ?" ಎರಡೂ ಕಡೆಯವರು ಒಂದೇ ಸೂರಿನಡಿ ಸಿಗುವುದು ಮೇಳದಲ್ಲಿ ಮಾತ್ರ. ದೊಡ್ಡ ಮೊತ್ತಕ್ಕೆ ಸಹಿ ಹಾಕುವ ಮೊದಲು ಈ ಅನುಕೂಲ ಬಳಸಿಕೊಳ್ಳಿ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ರೇಟಿಂಗ್ ಕೈಯಲ್ಲಿ ಹಿಡಿದುಕೊಂಡು, ಕೆಲಸ ಇಲ್ಲದೆ, ಅದನ್ನು ಜೀವಂತ ಇಡಲು ವರ್ಷ ವರ್ಷ ಸಿಮ್ಯುಲೇಟರ್ ಚೆಕ್‌ಗೆ ದುಡ್ಡು ಕಟ್ಟುತ್ತಿರುವ ಗೆಳೆಯರು ನನಗಿದ್ದಾರೆ.

ಈಗ ಮೇಜಿನ ಮುಂದೆ ಬಂದಿರಿ ಅಂದುಕೊಳ್ಳಿ. ಮೊದಲು ಕಾಗದ ಚಾಚಬೇಡಿ. ಕಾಗದ ಕೊಟ್ಟ ಕೂಡಲೇ ನಮ್ಮ ಕಣ್ಣು ಕೆಳಗೆ ಹೋಗುತ್ತದೆ, ನೀವು ನಮ್ಮ ತಲೆಯ ಜೊತೆ ಮಾತಾಡಬೇಕಾಗುತ್ತದೆ. ಮುಖ ನೋಡಿ, ಹೆಸರು ಹೇಳಿ, ಕೈ ಕುಲುಕಿ. ಈಗ ಏನು ಹಾರಿಸುತ್ತಿದ್ದೀರಿ, ಎಷ್ಟು ಗಂಟೆ, ಈ ಸ್ಟಾಲ್‌ಗೆ ಯಾಕೆ ಬಂದಿರಿ, ಅಷ್ಟು ಸಾಕು. ಅರ್ಧ ನಿಮಿಷದ ಮಾತು. ನಾನು ಆಗ ಹೇಳಿದ್ದು ಹೀಗಿತ್ತು: "ನಮಸ್ಕಾರ ಕ್ಯಾಪ್ಟನ್. ನಾನು ಇನ್‌ಸ್ಟ್ರಕ್ಟರ್, ಹೆಚ್ಚಾಗಿ ಸೆಸ್ನಾ 172. ಇನ್‌ಸ್ಟ್ರುಮೆಂಟ್ ವಿದ್ಯಾರ್ಥಿಗಳೇ ಜಾಸ್ತಿ. ನಿಮ್ಮ ಟರ್ಬೊಪ್ರಾಪ್ ಫ್ಲೀಟ್‌ಗೆ ಅರ್ಜಿ ಹಾಕಿದ್ದೇನೆ. ದಿನಕ್ಕೆ ನಾಲ್ಕೈದು ಸೆಕ್ಟರ್ (ಒಂದು ಟೇಕಾಫ್‌ನಿಂದ ಲ್ಯಾಂಡಿಂಗ್‌ವರೆಗಿನ ಹಾರಾಟ), ಚಿಕ್ಕ ರನ್‌ವೇಗಳು. ಅಂಥ ಹಾರಾಟವೇ ನನಗೆ ಇಷ್ಟ." ಪ್ರೊಪೆಲ್ಲರ್ ಇರುವ ವಿಮಾನಗಳ ಆ ಫ್ಲೀಟ್ ಎಲ್ಲಿಗೆಲ್ಲ ಹಾರುತ್ತದೆ ಅಂತ ಓದಿಕೊಂಡು ಹೋಗಿದ್ದೆ. ಕೇಳಿದ ಕೂಡಲೇ ಅವರಿಗೆ ಅದು ಗೊತ್ತಾಯಿತು.

ಇದನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಮನಸ್ಸಿನಲ್ಲಿ ಓದಿಕೊಂಡರೆ ಸಾಲದು. ಮಾತು ಬಾಯಿಂದ ಹೊರಗೆ ಬಂದಾಗಲೇ ಎಲ್ಲಿ ತೊಡರುತ್ತದೆ ಅಂತ ಗೊತ್ತಾಗುವುದು. ಹಾಗಂತ ಪದ್ಯ ಒಪ್ಪಿಸಿದ ಹಾಗೆ ಒಪ್ಪಿಸಬೇಡಿ. ನಡುವೆ ನಾವೇನಾದರೂ ಕೇಳಿದರೆ ನಿಲ್ಲಿಸಿ ಉತ್ತರ ಕೊಡಿ.

ನನ್ನ ಆ ದಿನದ ಮಾತು ಮುಂದೆ ಹೇಗೆ ಹೋಯಿತು ಅಂತ ಹೇಳುತ್ತೇನೆ. ಬ್ಯಾಡ್ಜ್‌ನಲ್ಲಿ ಕ್ಯಾಪ್ಟನ್ ಅಂತಿದ್ದ ಹಿರಿಯರು ಕೇಳಿದರು: "ಪಾಠ ಹೇಳಿಕೊಡುವಾಗ ಏನಾದರೂ ಕೆಟ್ಟುಹೋಗಿತ್ತಾ?" ನಾನು ಒಂದು ರಾತ್ರಿಯ ಕ್ರಾಸ್ ಕಂಟ್ರಿ ಕಥೆ ಹೇಳಿದೆ. ವಿದ್ಯಾರ್ಥಿನಿ ಎಡಗಡೆ, ನಾನು ಬಲಗಡೆ. ದಾರಿ ಮಧ್ಯೆ ಲೋ ವೋಲ್ಟೇಜ್ ದೀಪ ಹತ್ತಿತು. ಆಮ್‌ಮೀಟರ್ ಮುಳ್ಳು ಡಿಸ್ಚಾರ್ಜ್ ಕಡೆ ವಾಲಿತು. ಚೆಕ್‌ಲಿಸ್ಟ್ ಪ್ರಕಾರ ವಿದ್ಯುತ್ ತಯಾರಿಸುವ ಆಲ್ಟರ್ನೇಟರನ್ನು ಆರಿಸಿ ಮತ್ತೆ ಹಾಕಿದೆವು, ಬರಲಿಲ್ಲ. ಎಂಜಿನ್‌ಗೆ ಏನೂ ಆಗಿಲ್ಲ, ಅದಕ್ಕೆ ಕಿಡಿ ಕೊಡುವ ಮ್ಯಾಗ್ನೆಟೋ ಬೇರೆ. ಆದರೆ ರೇಡಿಯೋ, ದೀಪ, ಫ್ಲ್ಯಾಪ್ ಎಲ್ಲ ಬ್ಯಾಟರಿಯ ಮೇಲೆ. ಅದು ಎಷ್ಟು ಹೊತ್ತು ತಾಳುತ್ತದೋ ನಂಬುವ ಹಾಗಿಲ್ಲ. ನಾನು ಅವಳಿಗೆ ಹೇಳಿದೆ: "ವಿಮಾನ ನನ್ನ ಕೈಗೆ ಕೊಡು. ಚೆಕ್‌ಲಿಸ್ಟ್, ರೇಡಿಯೋ ನಿನ್ನದು." ಬೇಡದ್ದನ್ನೆಲ್ಲ ಆರಿಸಿದೆವು. ಒಂದು ರೇಡಿಯೋ, ರೇಡಾರ್‌ಗೆ ನಮ್ಮ ಗುರುತು ಹೇಳುವ ಟ್ರಾನ್ಸ್‌ಪಾಂಡರ್ ಉಳಿಸಿಕೊಂಡೆವು. ದೀಪ ಉರಿಯುತ್ತಿದ್ದ ಹತ್ತಿರದ ರನ್‌ವೇ ಕಡೆ ತಿರುಗಿದೆವು. ಲ್ಯಾಂಡಿಂಗ್ ಲೈಟ್ ಹಾಕಲು ನಾನು ಕೈ ಚಾಚಿದಾಗ ಅವಳೇ ಹೇಳಿದಳು: "ಮೇಡಮ್, ಈಗಲೇ ಬೇಡ. ಫೈನಲ್‌ಗೆ ಉಳಿಸಿಕೊಳ್ಳೋಣ." ಸರಿ ಅಂದೆ. ಫ್ಲ್ಯಾಪ್ ಇಲ್ಲದೆ ಇಳಿದೆವು. ಫೈನಲ್‌ನಲ್ಲಿ, ಅಂದರೆ ರನ್‌ವೇ ಎದುರಿನ ಕೊನೆಯ ಇಳಿತದಲ್ಲಿ, ದೀಪ ಮಂಕಾಗಿಯಾದರೂ ಹತ್ತಿತು.

ಇಷ್ಟನ್ನೂ ಒಂದೂವರೆ ನಿಮಿಷದಲ್ಲಿ ಹೇಳಿದೆ. ಕ್ಯಾಪ್ಟನ್ ಬೇರೇನೂ ಕೇಳಲಿಲ್ಲ, ತಲೆಯಾಡಿಸಿ ಕಾಗದ ತೆಗೆದುಕೊಂಡರು. ಕೆಲವು ವಾರ ಕಳೆದ ಮೇಲೆ ಸಂದರ್ಶನದ ಕೋಣೆಯಲ್ಲಿ ಮೇಜಿನ ಮೇಲೆ ಅದೇ ಕಾಗದ ಇತ್ತು. ತಲೆಕೆಳಗಾಗಿ ಕಂಡರೂ ಮೂಲೆಯಲ್ಲಿ ಬರೆದದ್ದನ್ನು ಓದಿದೆ: ರಾತ್ರಿ, ಆಲ್ಟರ್ನೇಟರ್, ವಿದ್ಯಾರ್ಥಿಯ ಮಾತು ಕೇಳಿದಳು.

ನಾನು ಆ ಕಥೆ ಹೇಳಿದ್ದು ಆಲ್ಟರ್ನೇಟರ್‌ಗಾಗಿ. ಅವರು ಬರೆದುಕೊಂಡದ್ದು ಕೊನೆಯ ಮಾತನ್ನು. ಯಾಕೆ ಅಂತ ಈಗ ನನಗೆ ಚೆನ್ನಾಗಿ ಗೊತ್ತು. 1978ರ ಡಿಸೆಂಬರ್ 28ರಂದು ಯುನೈಟೆಡ್ 173 ಎಂಬ ಡಿಸಿ-8 ವಿಮಾನ ಅಮೆರಿಕದ ಪೋರ್ಟ್‌ಲ್ಯಾಂಡ್ ಹತ್ತಿರ ನೆಲಕ್ಕೆ ಬಿತ್ತು. ಲ್ಯಾಂಡಿಂಗ್ ಗೇರ್‌ನ (ಇಳಿಯುವ ಚಕ್ರಗಳ) ತೊಂದರೆ ಏನು ಅಂತ ನೋಡುತ್ತ ಸುಮಾರು ಒಂದು ಗಂಟೆ ಸುತ್ತುತ್ತಿದ್ದರು. ಇಂಧನ ಮುಗಿಯುತ್ತಿರುವ ಮಾತು ಕಾಕ್‌ಪಿಟ್‌ನಲ್ಲಿ ಬಂದಿತ್ತು, ಆದರೆ ಕ್ಯಾಪ್ಟನ್ ಮನಸ್ಸಿಗೆ ನಾಟುವ ಹಾಗೆ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಕ್ಯಾಪ್ಟನ್‌ನ ಗಮನ ಗೇರ್ ಬಿಟ್ಟು ಬರಲಿಲ್ಲ. ಎಂಜಿನ್‌ಗಳು ನಿಂತವು. 10 ಜನ ಸತ್ತರು. ಅದರ ಹಿಂದಿನ ವರ್ಷ, 1977ರ ಮಾರ್ಚ್ 27ರಂದು, ಸ್ಪೇನ್‌ನ ಟೆನರಿಫೆ ದ್ವೀಪದಲ್ಲಿ ಎರಡು 747 ವಿಮಾನಗಳು ರನ್‌ವೇಯಲ್ಲೇ ಡಿಕ್ಕಿಯಾಗಿ 583 ಜನ ಸತ್ತಿದ್ದರು. ಅಲ್ಲೂ ಕಾಕ್‌ಪಿಟ್‌ನಲ್ಲಿ ಒಬ್ಬರಿಗೆ ಅನುಮಾನ ಬಂದಿತ್ತು, ಅವರು ಕೇಳಿಯೂ ಕೇಳಿದ್ದರು. ಆದರೂ ಟೇಕಾಫ್ ನಿಲ್ಲಲಿಲ್ಲ. 1979ರಲ್ಲಿ ನಾಸಾ ಇದರ ಬಗ್ಗೆ ಕಾರ್ಯಾಗಾರ ಮಾಡಿತು. ಈಗ ನಾವೆಲ್ಲ ಕಲಿಯುವ ಸಿಆರ್‌ಎಂ, ಅಂದರೆ ಸಿಬ್ಬಂದಿ ಒಬ್ಬರ ಮಾತು ಒಬ್ಬರು ಕೇಳಿ ಒಟ್ಟಾಗಿ ಕೆಲಸ ಮಾಡುವ ತರಬೇತಿ, ಬೆಳೆದದ್ದು ಅಲ್ಲಿಂದ. ಪಕ್ಕದವರು ಹೇಳಿದ್ದನ್ನು ಕೇಳುವವರೇ, ತನಗೆ ಅನ್ನಿಸಿದ್ದನ್ನು ಹೇಳುವವರೇ ಅನ್ನುವುದನ್ನು ಏರ್‌ಲೈನ್‌ನವರು ಮೇಳದ ಎರಡು ನಿಮಿಷದಲ್ಲೂ ಹುಡುಕುತ್ತಿರುತ್ತಾರೆ.

ಹಾಗಾಗಿ ಒಂದೆರಡು ಕಥೆ ಸಿದ್ಧವಾಗಿರಲಿ. ಎಂಜಿನ್ ಬೆಂಕಿಯೇ ಆಗಬೇಕಿಲ್ಲ. ಹವಾಮಾನ ನೋಡಿ ಹಿಂದಿರುಗಿದ್ದು, ಇನ್‌ಸ್ಟ್ರಕ್ಟರ್ ಜೊತೆ ಒಂದು ವಿಷಯದಲ್ಲಿ ಅಭಿಪ್ರಾಯ ಬೇರೆಯಾದದ್ದು, ಗೋ ಅರೌಂಡ್ ಮಾಡಿದ್ದು (ಇಳಿಯದೆ ಮತ್ತೆ ಮೇಲೇರಿದ್ದು), ಎಂಜಿನಿಯರ್ ಹೇಳಿದ ಮಾತಿಗೆ ಹಾರಾಟ ನಿಲ್ಲಿಸಿದ್ದು, ಇವೆಲ್ಲ ಸಾಕು. ಹಾರಾಟದ ಅನುಭವ ಕಡಿಮೆ ಇದ್ದರೆ ಹಿಂದೆ ಮಾಡಿದ ಬೇರೆ ಕೆಲಸದ ಕಥೆಯೂ ಆಗುತ್ತದೆ. ಏನಾಯಿತು, ನೀವೇನು ಮಾಡಿದಿರಿ, ಇನ್ನೊಬ್ಬರು ಏನು ಮಾಡಿದರು, ಕೊನೆಗೆ ಏನಾಯಿತು. ಇನ್ನೊಬ್ಬರನ್ನು ಕಥೆಯಿಂದ ಕೈಬಿಡಬೇಡಿ. ಎಲ್ಲವನ್ನೂ ಒಬ್ಬರೇ ಮಾಡಿದ ಕಥೆ ಕೇಳಿದಾಗ, ಪಕ್ಕದ ಸೀಟಿನಲ್ಲಿ ಯಾರಿದ್ದರು ಅಂತ ನಾನು ಕೇಳಿಯೇ ಕೇಳುತ್ತೇನೆ.

ಆಮೇಲೆ ನಿಮ್ಮ ಪ್ರಶ್ನೆಗಳು. ಎದುರಿಗಿರುವವರು ಮಾತ್ರ ಉತ್ತರ ಕೊಡಬಲ್ಲ ಪ್ರಶ್ನೆ ಕೇಳಿ. "ಲೈನ್ ಟ್ರೇನಿಂಗ್‌ನಲ್ಲಿ ಹೊಸಬರಿಗೆ ಯಾವುದು ಜಾಸ್ತಿ ಕಷ್ಟ ಆಗುತ್ತದೆ?" ಈ ಪ್ರಶ್ನೆ ಕೇಳಿದವರ ಜೊತೆ ನಾನು ಸಮಯ ಮರೆತು ಮಾತಾಡಿದ್ದೇನೆ. "ಮೊದಲ ವರ್ಷ ರಿಸರ್ವ್‌ನಲ್ಲಿ (ಕರೆದರೆ ಹೊರಡಲು ಸಿದ್ಧವಾಗಿ) ಎಷ್ಟು ಇರಬೇಕಾಗುತ್ತದೆ? ಬೇಸ್ (ಕೆಲಸದ ನೆಲೆ) ಆಯ್ಕೆ ಸೀನಿಯಾರಿಟಿ ಮೇಲೆಯೇ? ಸಿಮ್ಯುಲೇಟರ್ ಮುಗಿದ ಮೇಲೆ ಎಷ್ಟು ಸೆಕ್ಟರ್ ಇನ್‌ಸ್ಟ್ರಕ್ಟರ್ ಜೊತೆ ಹಾರಬೇಕು?" ಇವೂ ಒಳ್ಳೆಯವು. ಎಲ್ಲವನ್ನೂ ಕೇಳಬೇಡಿ, ಹಿಂದೆ ಸರತಿ ಇರುತ್ತದೆ. ಎರಡು ಸಾಕು. ಟೈಪ್ ರೇಟಿಂಗ್ ಖರ್ಚು ಯಾರದ್ದು, ಬಾಂಡ್ (ಕೆಲಸ ಬಿಡುವುದಿಲ್ಲ ಅನ್ನುವ ಒಪ್ಪಂದ) ಎಷ್ಟು ವರ್ಷ ಅಂತ ಕೇಳಲು ಸಂಕೋಚ ಬೇಡ. ಅದು ನಿಮ್ಮ ಬದುಕಿನ ವಿಷಯ. ನೇಮಕಾತಿಯವರನ್ನು ಕೇಳಿ, ಕಾಗದದಲ್ಲಿ ಎಲ್ಲಿದೆ ಅಂತ ತೋರಿಸಲು ಹೇಳಿ. ಸಂಬಳ ಅವರೇ ಪ್ರಕಟಿಸಿದ್ದರೆ ಓದಿಕೊಂಡು ಬನ್ನಿ. ಪ್ರಕಟಿಸಿಲ್ಲದಿದ್ದರೆ ಅದನ್ನೇ ಮೊದಲ ಪ್ರಶ್ನೆ ಮಾಡಬೇಡಿ.

ಚೆಕ್‌ರೈಡ್‌ನಲ್ಲಿ ಫೇಲ್ ಆಗಿದ್ದರೆ? ತುಂಬಾ ಜನ ಇದೇ ಭಯದಲ್ಲಿ ಸ್ಟಾಲ್ ಹತ್ತಿರವೇ ಬರುವುದಿಲ್ಲ. ನೀವಾಗಿಯೇ ಅದರಿಂದ ಮಾತು ಶುರು ಮಾಡಬೇಕಿಲ್ಲ. ಕೇಳಿದರೆ ನೇರವಾಗಿ ಹೇಳಿ. ಯಾವ ಚೆಕ್, ಎಲ್ಲಿ ತಪ್ಪಿತು, ಆಮೇಲೆ ಏನು ಬದಲಾಯಿಸಿಕೊಂಡಿರಿ. ಮೂರು ವಾಕ್ಯ. ಎಕ್ಸಾಮಿನರ್‌ನನ್ನು ಬೈಯಬೇಡಿ, ಗಾಳಿಯನ್ನು ಬೈಯಬೇಡಿ. ಮುಚ್ಚಿಟ್ಟರೆ ಬಚಾವ್ ಅಂದುಕೊಂಡರೆ ಅದು ಆಗದ ಮಾತು. ಅಮೆರಿಕದಲ್ಲಂತೂ ಪೈಲಟ್ ರೆಕಾರ್ಡ್ಸ್ ಡೇಟಾಬೇಸ್ ಅಂತಲೇ ಇದೆ, ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಏರ್‌ಲೈನ್ ಅದನ್ನು ನೋಡಲೇಬೇಕು. ಬೇರೆ ಕಡೆಯೂ ಲೈಸೆನ್ಸ್ ಕಡತ, ತರಬೇತಿ ಕಡತ ಕೇಳಿ ತರಿಸುತ್ತಾರೆ. ಫೇಲ್ ಆದವರನ್ನು ನಮ್ಮ ಕಂಪನಿ ತೆಗೆದುಕೊಂಡದ್ದನ್ನು ನಾನು ಕಂಡಿದ್ದೇನೆ. ಸುಳ್ಳು ಹೇಳಿದವರನ್ನು ತೆಗೆದುಕೊಂಡದ್ದನ್ನು ಕಂಡಿಲ್ಲ.

ನಡುವೆ ಹಾರಾಟ ನಿಂತಿದ್ದರೂ ಹಾಗೆಯೇ. 2020ರಲ್ಲಿ ಜಗತ್ತಿನ ವಿಮಾನಗಳೆಲ್ಲ ನೆಲಕ್ಕೆ ಕಟ್ಟಿಹಾಕಿದ ಹಾಗೆ ನಿಂತಿದ್ದವು. ಆ ಕಾಲದ ಖಾಲಿ ಜಾಗ ಎಷ್ಟೋ ಜನರ ಲಾಗ್‌ಬುಕ್‌ನಲ್ಲಿದೆ. ಮಕ್ಕಳಾಗಿ ಬಿಟ್ಟವರಿದ್ದಾರೆ, ದುಡ್ಡಿಲ್ಲದೆ ಬಿಟ್ಟವರಿದ್ದಾರೆ. ಕಾರಣ ಹೇಳಿ, ಈಗ ಏನು ಮಾಡುತ್ತಿದ್ದೀರಿ ಅಂತ ಹೇಳಿ. ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಲು ಹಿಂದಿನ 90 ದಿನಗಳಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್ ಇರಬೇಕು ಅನ್ನುವ ನಿಯಮ ನಿಮಗೆ ಗೊತ್ತೇ ಇದೆ. ಚಿಕ್ಕ ವಿಮಾನದಲ್ಲಾದರೂ ಅಷ್ಟು ಮಾಡಿಕೊಂಡು ಮೇಳಕ್ಕೆ ಬಂದವರು "ನಾನು ಕರೆಂಟ್ ಇದ್ದೇನೆ" (ಹಾರಾಟದ ರೂಢಿ ತಪ್ಪಿಲ್ಲ) ಅಂದಾಗ ಅವರ ದನಿಯೇ ಬೇರೆ ಇರುತ್ತದೆ.

ಇಂಗ್ಲಿಷ್ ಬಗ್ಗೆಯೂ ಒಂದು ಮಾತು. ನಮ್ಮ ಭಾಷೆಯಲ್ಲಿ ಬೆಳೆದ ಹುಡುಗ ಹುಡುಗಿಯರು ಈ ವಿಷಯಕ್ಕೆ ಸುಮ್ನೆ ಕುಗ್ಗಿಹೋಗುವುದನ್ನು ನೋಡಿ ನನಗೆ ನೋವಾಗಿದೆ. ಅಂತರರಾಷ್ಟ್ರೀಯ ಹಾರಾಟಕ್ಕೆ ಐಸಿಎಒ ಕೇಳುವುದು ಕನಿಷ್ಠ ಲೆವೆಲ್ 4. ಮಾತೃಭಾಷೆಯ ಛಾಯೆ ಉಚ್ಚಾರಣೆಯಲ್ಲಿ ಇರಬಹುದು, ಅರ್ಥವಾಗಲು ಅದು ಅಡ್ಡಿಯಾಗುವುದು ಕೆಲವೊಮ್ಮೆ ಮಾತ್ರ ಆಗಿರಬೇಕು ಅಂತ ಆ ಮಟ್ಟದ ವಿವರಣೆಯೇ ಹೇಳುತ್ತದೆ. ನಿಮ್ಮ ದನಿಯಲ್ಲಿ ಕನ್ನಡ ಕೇಳಿಸಿದರೆ ಕೇಳಿಸಲಿ. ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ ಮಾತಾಡಿ. ಗೊತ್ತಾಗದಿದ್ದರೆ "ಇನ್ನೊಂದು ಸಲ ಹೇಳುತ್ತೀರಾ?" ಅಂತ ಕೇಳಿ. ರೇಡಿಯೋದಲ್ಲಿ ದಿನವೂ "ಸೇ ಅಗೇನ್" ಅನ್ನುವವರು ನಾವು. ಕೇಳಿ ಖಚಿತ ಮಾಡಿಕೊಳ್ಳುವವರ ಬಗ್ಗೆ ನಮಗೆ ಗೌರವವೇ ಬರುತ್ತದೆ.

ಅಪ್ಪ ಅಮ್ಮನ ಜೊತೆ ಬರುವವರೂ ಇದ್ದಾರೆ. ಮಗನ ಪರವಾಗಿ ಅಪ್ಪನೇ ಮಾತಾಡುತ್ತಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಅಷ್ಟು ಖರ್ಚು ಮಾಡಿ ಓದಿಸಿರುತ್ತಾರೆ. ಅವರ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಆದರೆ ರೆಸ್ಯೂಮೆಯ ಮೂಲೆಯಲ್ಲಿ ಮಗನ ಬಗ್ಗೆ ಏನು ಬರೆಯಲಿ? ಅಪ್ಪ ಅಮ್ಮ ಸ್ವಲ್ಪ ದೂರದಲ್ಲಿ ಕೂತಿರಲಿ. ಗೆಳೆಯರ ಗುಂಪಿಗೂ ಇದೇ ಮಾತು. ಒಟ್ಟಿಗೆ ಬನ್ನಿ, ಸ್ಟಾಲ್‌ಗೆ ಒಬ್ಬೊಬ್ಬರೇ ಹೋಗಿ.

ಹೋದ ಮೇಳದಲ್ಲಿ ಒಬ್ಬ ಹುಡುಗ ನಮ್ಮ ಸ್ಟಾಲ್ ಮುಂದೆ ಎರಡು ಮೂರು ಸಲ ಹಾದುಹೋದ. ಪ್ರತಿ ಸಲವೂ ನಮ್ಮ ಕಡೆ ನೋಡುತ್ತಾನೆ, ಫೋಲ್ಡರ್ ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುತ್ತಾನೆ, ಮುಂದೆ ಹೋಗುತ್ತಾನೆ. ಸರತಿ ಖಾಲಿಯಾದಾಗ ನಾನೇ ಹೋಗಿ ಮಾತಾಡಿಸಿದೆ. ಲೈಸೆನ್ಸ್ ಈಗಷ್ಟೇ ಬಂದಿದೆ, 200 ಗಂಟೆ ಸುತ್ತಮುತ್ತ, ನಿಮ್ಮ ಮಿತಿ ಮುಟ್ಟಲು ತುಂಬಾ ದೂರ ಇದೆ ಮೇಡಮ್, ಸುಮ್ನೆ ನಿಮ್ಮ ಸಮಯ ಯಾಕೆ ಹಾಳು ಮಾಡಲಿ ಅಂತ ಬರಲಿಲ್ಲ ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಗಂಟೆ ಕಡಿಮೆ ಇರುವವರು ಕೇಳಬೇಕಾದ ಪ್ರಶ್ನೆ: "ಮುಂದಿನ ವರ್ಷ ನಾನು ಮತ್ತೆ ಇಲ್ಲಿಗೆ ಬಂದಾಗ ನನ್ನ ಕಾಗದದಲ್ಲಿ ಏನು ಸೇರಿರಬೇಕು ಅಂತ ನೀವು ಬಯಸುತ್ತೀರಿ?" ಇದಕ್ಕೆ ನೇರ ಉತ್ತರ ಸಿಗುತ್ತದೆ. ಮಲ್ಟಿ ಎಂಜಿನ್ ಗಂಟೆ ಸಾಲದು ಅನ್ನಬಹುದು. ಇನ್‌ಸ್ಟ್ರಕ್ಟರ್ ಆಗು ಅನ್ನಬಹುದು. ಹೊಸಬರಿಗೆ ತರಬೇತಿ ಕೊಡುವ ಕೆಡೆಟ್ ಕಾರ್ಯಕ್ರಮಕ್ಕೆ ಅರ್ಜಿ ಹಾಕು, ಕೊನೆಯ ದಿನ ಇಂಥದ್ದು ಅನ್ನಬಹುದು. ಆ ಉತ್ತರವನ್ನು ಬರೆದುಕೊಳ್ಳಿ, ಹೇಳಿದವರ ಹೆಸರನ್ನೂ ಬರೆದುಕೊಳ್ಳಿ. ಮರುವರ್ಷ ಅದೇ ಸ್ಟಾಲ್‌ಗೆ ಬಂದು "ನೀವು ಇಂಥದ್ದು ಮಾಡಲು ಹೇಳಿದ್ದಿರಿ, ಮಾಡಿಕೊಂಡು ಬಂದಿದ್ದೇನೆ" ಅಂದವರ ರೆಸ್ಯೂಮೆ ನಮ್ಮಲ್ಲಿ ರಾಶಿಗೆ ಹೋಗುವುದಿಲ್ಲ, ಬೇರೆಯಾಗಿ ಎತ್ತಿಡುತ್ತೇವೆ.

ಉಡುಪಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಾಢ ಬಣ್ಣದ ಸೂಟ್, ಪಾಲಿಶ್ ಮಾಡಿದ, ಆದರೆ ಕಾಲಿಗೆ ಹೊಂದಿಕೊಂಡ ಶೂ. ಬೆನ್ನಿಗೆ ಬ್ಯಾಗ್ ಬೇಡ, ಕೈಯಲ್ಲಿ ಫೋಲ್ಡರ್ ಸಾಕು. ಫೋನ್ ಸೈಲೆಂಟ್ ಮಾಡಬೇಡಿ, ಆಫ್ ಮಾಡಿ. ಸರತಿಯಲ್ಲಿ ನಿಂತಿರುವಾಗಲೂ, ಊಟದ ಜಾಗದಲ್ಲೂ ನಿಮ್ಮ ಮಾತಿನ ಮೇಲೆ ನಿಗಾ ಇರಲಿ. ಸ್ಟಾಲ್‌ನವರೂ ಅಲ್ಲೇ ಓಡಾಡುತ್ತಿರುತ್ತಾರೆ. ಈಗಿನ ಕಂಪನಿಯನ್ನೋ ಸ್ಕೂಲನ್ನೋ ಬೈದದ್ದು ಅವರ ಕಿವಿಗೆ ಬಿದ್ದರೆ ಅದೇ ನಿಮ್ಮ ಸಾಲು ಆಗಿಬಿಡಬಹುದು.

ಮಾತು ಮುಗಿಸುವುದು ನಿಮ್ಮ ಕಡೆಯಿಂದಲೇ ಆಗಲಿ. ಥ್ಯಾಂಕ್ಸ್ ಹೇಳಿ, ಮುಂದಿನ ಹೆಜ್ಜೆ ಏನು ಅಂತ ಕೇಳಿ, ರೆಸ್ಯೂಮೆ ಕೊಟ್ಟು ಹೊರಡಿ. ಹತ್ತು ಹೆಜ್ಜೆ ಆಚೆ ಹೋಗಿ ನಿಂತು, ಯಾರ ಜೊತೆ ಏನು ಮಾತಾಯಿತು ಅಂತ ಆಗಲೇ ಬರೆದುಕೊಳ್ಳಿ. ಐದು ಸ್ಟಾಲ್ ಮುಗಿಯುವಷ್ಟರಲ್ಲಿ ಎಲ್ಲ ಕಲಸಿಹೋಗುತ್ತದೆ. ಮರುದಿನ ನಾಲ್ಕು ಸಾಲಿನ ಇಮೇಲ್ ಕಳಿಸಿ. ನೀವು ಯಾರು, ಯಾವುದರ ಬಗ್ಗೆ ಮಾತಾಡಿದಿರಿ, ಅರ್ಜಿಯ ಸಂಖ್ಯೆ, ಥ್ಯಾಂಕ್ಸ್. ಉತ್ತರ ಬಂದರೆ ಬಂತು, ಬಾರದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ನಾವು ಮರುದಿನ ಬೆಳಗ್ಗೆ ವಿಮಾನದಲ್ಲಿರುತ್ತೇವೆ. ವಾರ ವಾರ ನೆನಪಿಸುವ ಇಮೇಲ್ ಬೇಡ. ಗಂಟೆ ಸೇರಿದಾಗ, ಹೊಸ ರೇಟಿಂಗ್ ಬಂದಾಗ, ಮೆಡಿಕಲ್ ನವೀಕರಿಸಿದಾಗ ಅರ್ಜಿಯನ್ನು ತಿದ್ದಿ ಸಲ್ಲಿಸಿ. ನೇಮಕಾತಿಯವರು ಪಟ್ಟಿ ತೆಗೆಯುವಾಗ ಇತ್ತೀಚೆಗೆ ತಿದ್ದಿದ ಅರ್ಜಿಗಳನ್ನು ಮೊದಲು ನೋಡುವುದು ನಮ್ಮಲ್ಲಂತೂ ರೂಢಿ. ತಿಂಗಳಿಗೊಮ್ಮೆ ಒಂದು ದಿನ ಗೊತ್ತು ಮಾಡಿಕೊಂಡು ಕೂತರೆ ಅರ್ಧ ಗಂಟೆಯ ಕೆಲಸ.